ಹಕ್ಕಿಗೆ ಕೇಳಿಸಿತ್ತು

ಮೊನ್ನೆ ಅಕಾಲದಲ್ಲಿ ಮಳೆ ಸುರಿಯಿತಲ್ಲ, ಆವತ್ತು ನಾಸಿಕದ ನಮ್ಮ ಬೀದಿಯ ತರಕಾರಿ ಗಾಡಿಯವನು ತೊಯ್ದು ತೊಪ್ಪೆಯಾದ ಈರುಳ್ಳಿ ಚೀಲವೊಂದನ್ನು ನಮ್ಮ ಮೆಟ್ಟಿಲ ಮೇಲೆ ತಂದಿಟ್ಟು, "ಆಜಿ, ಪಾಊಸ್ ಥಾಂಬೇಪರ್ಯಂತ ರಾಹೂ ದ್ಯಾ" ಎಂದು ನನ್ನ ಹೆಂಡತಿಗೆ ಹೇಳಿ ಹೋದ. ಮಳೆ ನಿಲ್ಲುವ ತನಕ ಇದ್ದುಕೊಳ್ಳಲಿ, ನಮ್ಮದೇನು ಹೋಗುತ್ತದೆ? ಆದರೆ ನಾನು ಪೇಪರು ತರಲು ಬಾಗಿಲಿಗೆ ಹೋದವನು ಆ ಚೀಲದ ಮುಂದೆ ಹಾಗೇ ನಿಂತುಬಿಟ್ಟೆ. ಒದ್ದೆ ಸೆಣಬು, ಅರೆಕೊಳೆತ ಈರುಳ್ಳಿ ಸಿಪ್ಪೆ, ಕೆಸರು, ಮೂರೂ ಕೂಡಿದ ವಾಸನೆ. ಎಷ್ಟು ಹೊತ್ತು ನಿಂತೆನೋ. ಹಿಂದಿನಿಂದ ಹೆಂಡತಿ, "ಏನಾತ್ರಿ? ಉಸರ ಯಾಕ ಹಿಡದು ನಿಂತೀರಿ?" ಎಂದಾಗಲೇ ನನಗೂ ಗೊತ್ತಾದದ್ದು, ನಾನು ಉಸಿರಾಡುತ್ತಿಲ್ಲವೆಂದು.

ಮುಪ್ಪಿನಲ್ಲಿ ದೇಹ ಮರೆಯುವುದೇ ಹೆಚ್ಚು. ಕನ್ನಡಕ ಎಲ್ಲಿಟ್ಟೆ ಎಂಬುದನ್ನು ಮರೆಯುತ್ತದೆ, ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗುತ್ತದೆ. ಆದರೆ ಐವತ್ತು ವರ್ಷದ ಹಿಂದೆ ಬಸಲಿಂಗಪ್ಪ ಕಾಕಾ ಕಲಿಸಿದ್ದನ್ನು ಮಾತ್ರ ಮರೆತಿಲ್ಲ: ಗೋಣಿಯ ವಾಸನೆ ಬಂದರೆ ಉಸಿರು ಹಿಡಿಯಬೇಕು.

ಕಾಕಾ ನನ್ನ ಸ್ವಂತ ಕಾಕಾ ಏನಲ್ಲ. ನಾಸಿಕದ ಪಕ್ಕ ಓಝರದ ಹತ್ತಿರ ವಿಮಾನ ಕಾರ್ಖಾನೆ ಶುರುವಾದ ಹೊಸತರಲ್ಲಿ ಕರ್ನಾಟಕದಿಂದ ಬಂದಿಳಿದ ನಮ್ಮಂಥ ಬ್ರಹ್ಮಚಾರಿಗಳಿಗೆಲ್ಲ ಅವರು ಕಾಕಾ. ಮುಧೋಳದ ಕಡೆಯವರು. ಟೂಲ್ ರೂಮಿನಲ್ಲಿ ಇನ್‌ಸ್ಪೆಕ್ಟರು. ಅವರ ಕೈಗೆ ಹೋದ ಬಿಡಿಭಾಗ ಕೂದಲೆಳೆಯಷ್ಟು ದಪ್ಪವಾಗಿದ್ದರೂ ಗುಜರಿ ಡಬ್ಬಕ್ಕೆ ಬೀಳುತ್ತಿತ್ತು. ನಾನು ಮಾಡಿದ ಎಷ್ಟು ಸಾಮಾನು ಆ ಡಬ್ಬ ಸೇರಿತೋ ಹೇಳಲಾರೆ. ನಮ್ಮ ಪರಿಚಯವಾದದ್ದೇ ಹಾಗೆ. "ತಮ್ಮಾ, ಇದನ್ನ ವಿಮಾನಕ್ಕ ಹಾಕಬ್ಯಾಡ, ಚಕ್ಕಡಿಗಿ ಹಾಕು" ಎನ್ನುತ್ತಿದ್ದರು. ಬೈಗುಳ ಮುಗಿಸಿ ಸಂಜೆ ಊಟಕ್ಕೆ ಕರೆಯುತ್ತಿದ್ದರು. ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಗಳು ಮದುವೆಯಾಗಿ ಹೋಗಿದ್ದಳು; ರೊಟ್ಟಿಯನ್ನು ಕಾಕಾ ತಾವೇ ಬಡಿಯುತ್ತಿದ್ದರು, ಅದನ್ನೂ ಗೇಜಿನಲ್ಲಿ ಅಳೆದಷ್ಟು ತೆಳ್ಳಗೆ.

ಈ ಮನುಷ್ಯನಿಗೆ ಒಂದು ಹುಚ್ಚಿತ್ತು. ಭಾನುವಾರ ಬಂತೆಂದರೆ ಗೋದಾವರಿಗೆ ನಾಂದೂರಿನ ಹತ್ತಿರ ಕಟ್ಟಿದ ಒಡ್ಡಿನ ಹಿನ್ನೀರಿಗೆ ಹೋಗಿ, ನೀರಲ್ಲಿ ಕಾಲಿಟ್ಟು ನಡೆಯುವ ಹಕ್ಕಿಗಳು ಹೊಟ್ಟೆ ಹೊರೆಯುವುದನ್ನು ಫೋಟೋ ತೆಗೆಯುವುದು. ಹಕ್ಕಿ ಸುಮ್ಮನೆ ನಿಂತದ್ದು ಅವರಿಗೆ ಬೇಡ. "ನಿಂತ ಹಕ್ಕಿ ಫೋಟೋ ಸ್ಟುಡಿಯೋದಾಗ ಕುಂತ ಮದುಮಗನ ಹಂಗ. ಉಣ್ಣೂ ಹೊತ್ತಿನ್ಯಾಗ ನೋಡಬೇಕು ಯಾರನ್ನಾದ್ರೂ" ಎನ್ನುವರು. ಬೆಳ್ಳಕ್ಕಿ ಕಾಲಿನಿಂದ ಕೆಸರು ಕಲಕಿ ಮೀನು ಎಬ್ಬಿಸುವುದು, ಚಮಚದ ಕೊಕ್ಕಿನ ಹಕ್ಕಿ ತಲೆಯನ್ನು ಆ ಕಡೆ ಈ ಕಡೆ ಕುಡುಗೋಲಿನಂತೆ ಬೀಸುತ್ತ ಬರುವುದು, ಇವೆಲ್ಲ ಅವರ ಟ್ರಂಕಿನಲ್ಲಿದ್ದವು. ಇರದಿದ್ದದ್ದು ಒಂದೇ: ಬಾಯ್ಕಳಕ ಕೊಕ್ಕರೆ ಶಂಖದಿಂದ ಬಸವನಹುಳು ತೆಗೆಯುವ ಗಳಿಗೆ.

ಬಾಯ್ಕಳಕವನ್ನು ನೀವು ನೋಡಿರಬಹುದು. ಕೊಕ್ಕು ಮುಚ್ಚಿದರೂ ನಡುವೆ ಒಂದು ಸಂದು ಉಳಿಯುತ್ತದೆ, ಆಚೆಯ ಬೆಳಕು ಕಾಣುವಷ್ಟು. ಆ ಸಂದು ಯಾತಕ್ಕೆ ಎಂಬುದು ನಾಸಿಕದ ನಮ್ಮ ಉಡುಪಿ ಹೋಟೆಲಿನಲ್ಲಿ ಎರಡು ವರ್ಷ ನಡೆದ ತಕರಾರು. ಮಾಲೀಕ ಭಟ್ಟರು ದೋಸೆ ಕಲ್ಲಿನ ಹಿಂದಿನಿಂದಲೇ ತೀರ್ಪು ಕೊಡುವರು: "ಅದು ಅಡಕತ್ತರಿ ಮಾರಾಯ್ರೆ. ದೇವರು ಸುಮ್ಮನೆ ಸಂದು ಬಿಡ್ತಾನಾ? ಶಂಖ ಮಧ್ಯಕ್ಕಿಟ್ಟು ಕಟಕ್ ಅಂತ ಒಡೆಯುವುದು, ತಿನ್ನುವುದು."

"ಹಂಗಾರ ದಂಡ್ಯಾಗ ಬಿದ್ದ ಶಂಖ ಎಲ್ಲಾ ಇಡೀವs ಯಾಕ ಅದಾವ್ರಿ ಭಟ್ರ?" ಎಂದು ಕಾಕಾ.

"ಅದು ತಮ್ಮಷ್ಟಕ್ಕೆ ಸತ್ತ ಹುಳಗಳದ್ದು."

"ಅದು ಅಡಕತ್ತರಿ ಅಲ್ರಿ. ಚಿಮಟಿಗಿ. ತುದಿ ಒಳಗ ಹಾಕಿ, ಹುಳದ ಬುಡ ಕೊಯ್ದು, ಹೊರಗ ಎಳೀತೈತಿ."

"ನೀವು ಕಂಡದ್ದುಂಟಾ?"

ಇಲ್ಲಿಗೆ ಕಾಕಾ ದೋಸೆ ಮುರಿಯತೊಡಗುವರು. ಕಂಡದ್ದಿರಲಿಲ್ಲ. ಅಷ್ಟೇ ಅಲ್ಲ, ಇನ್ನು ಕಾಣುವ ಸಂಭವವೂ ಕಡಿಮೆಯಾಗುತ್ತಿತ್ತು. ಕಣ್ಣಿನ ಒತ್ತಡದ ರೋಗ; ಸುತ್ತಲಿನಿಂದ ಕತ್ತಲೆ ಒಳಕ್ಕೆ ಸರಿಯುತ್ತ ಬರುತ್ತಿತ್ತು. ಇದನ್ನು ಅವರು ನನಗೊಬ್ಬನಿಗೇ ಹೇಳಿದ್ದರು. ಹೇಳಿದ ರೀತಿ ಹೀಗೆ: "ತಮ್ಮಾ, ಈ ಚಳಿಗಾಲದಾಗ ಆ ಫೋಟೋ ಸಿಕ್ಕರ ನನಗ ಕಾಣತೈತಿ. ಮುಂದಿನ ಚಳಿಗಾಲಕ್ಕ ಸಿಕ್ಕರ ನೀ ಹೇಳಬೇಕಾಗ್ತೈತಿ." ಮಸೂರವನ್ನು ಚೊಕ್ಕವಾಗಿ ಹೊಂದಿಸುವುದು ಆಗಲೇ ಅವರಿಂದ ಆಗುತ್ತಿರಲಿಲ್ಲ. ಹೀಗಾಗಿ ನಾನು ಅವರ ಕಣ್ಣಾಗಿ ನೇಮಕವಾದೆ.

ಕ್ಯಾಮರಾ ಹಳೆಯ ಜರ್ಮನಿಯದು, ಒಂದು ರೋಲಿಗೆ ಹನ್ನೆರಡೇ ಚಿತ್ರ. ಮುಂದಿನ ಉದ್ದ ನಳಿಗೆಯನ್ನು ಕಾಕಾ ತಾವೇ ನಕ್ಷೆ ಬರೆದು ಸಾತಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥಿಗೆ ಹಾಕಿಸಿದ್ದರು. ಕಪ್ಪು ಬಣ್ಣ ಬಳಿದ ಆ ನಳಿಗೆ, ನಿಜ ಹೇಳಬೇಕೆಂದರೆ, ಬಂದೂಕಿಗಿಂತ ಹೆಚ್ಚು ಬಂದೂಕಿನಂತೆ ಕಾಣುತ್ತಿತ್ತು. ಅಡಗುದಾಣವೆಂದರೆ ನಾಲ್ಕು ಬಿದಿರು, ಲಾಸಲಗಾಂವದ ಮಂಡಿಯಿಂದ ತಂದ ಹರಕು ಈರುಳ್ಳಿ ಚೀಲಗಳ ಹೊದಿಕೆ, ಒಳಗೆ ಕೂರಲು ಬೋರಲು ಹಾಕಿದ ತುಪ್ಪದ ಡಬ್ಬಿ. ಅದನ್ನು ಒಮ್ಮೆಲೇ ಹಕ್ಕಿಯ ಹತ್ತಿರ ನಿಲ್ಲಿಸುವಂತಿಲ್ಲ. ಮೊದಲ ವಾರ ದೂರ, ಮುಂದಿನ ವಾರ ಹತ್ತು ಹೆಜ್ಜೆ ಮುಂದೆ, ಹೀಗೆ ಒಂದೂವರೆ ತಿಂಗಳು ಸರಿಸಿ ಸರಿಸಿ ಹಕ್ಕಿಗಳು ಮೇಯುವ ಆಳವಿಲ್ಲದ ನೀರಿಗೆ ತಂದಿದ್ದೆವು. ಒಳಗೆ ಕೂತರೆ ಈರುಳ್ಳಿಯ ಘಾಟಿಗೆ ಕಣ್ಣಲ್ಲಿ ನೀರು; ಗುಂಡಿ ಒತ್ತುವಾಗ ನಳಿಗೆ ಅಲುಗದಂತೆ ಉಸಿರು ಬೇರೆ ಹಿಡಿಯಬೇಕು. ಹಕ್ಕಿಯ ಬೇಟೆಯನ್ನು ಅಳುತ್ತ ನೋಡಿದವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು.

ಇನ್ನೊಂದು ಪದ್ಧತಿ ಇತ್ತು, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಒಬ್ಬ ಮನುಷ್ಯ ಆ ಗೋಣಿ ಗೂಡಿನೊಳಗೆ ಹೋಗಿ ಹೊರಗೆ ಬಾರದಿದ್ದರೆ ಹಕ್ಕಿ ನಂಬುವುದಿಲ್ಲ, ದೂರವೇ ಉಳಿಯುತ್ತದೆ. ಅದಕ್ಕೆ ಇಬ್ಬರು ಹೋಗಬೇಕು. ಒಬ್ಬ ಕೂರಬೇಕು, ಇನ್ನೊಬ್ಬ ಎಲ್ಲರಿಗೂ ಕಾಣುವಂತೆ ಕೈ ಬೀಸುತ್ತ ವಾಪಸು ನಡೆದು ಹೋಗಬೇಕು. ಹಕ್ಕಿಗೆ ಎಣಿಸಲು ಬರುವುದಿಲ್ಲ. ಮನುಷ್ಯ ಬಂದ, ಮನುಷ್ಯ ಹೋದ, ಅಷ್ಟೇ ಅದಕ್ಕೆ. ಹೊರಗೆ ಬರುವಾಗಲೂ ಹಾಗೆಯೇ. ಕಾಕಾ ಬಂದು ಕರೆದೊಯ್ಯುವ ತನಕ ನಾನು ಏಳುವಂತಿಲ್ಲ. ಗೋಣಿಯ ಗುಪ್ಪೆಯೊಳಗಿಂದ ಮನುಷ್ಯ ಹೊರಬಂದದ್ದನ್ನು ಒಂದು ಸಲ ಕಂಡರೆ ಹಕ್ಕಿಗಳು ಮತ್ತೆಂದೂ ಹತ್ತಿರ ಬರುವುದಿಲ್ಲ, ಒಂದೂವರೆ ತಿಂಗಳ ಕೆಲಸ ನೀರುಪಾಲು.

ಆ ಚಳಿಗಾಲದಲ್ಲೇ ಎಪ್ಪತ್ತೊಂದರ ಯುದ್ಧ ಶುರುವಾಯಿತು. ನಾಸಿಕದ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಬಂತು. ಕಾರ್ಖಾನೆಯಲ್ಲಿ ರಜೆ ಅಪರೂಪವಾಯಿತು. ವಿಮಾನದ ಕಾರ್ಖಾನೆ ಇರುವ ಸೀಮೆ ನೋಡಿ, ಸುತ್ತಲಿನ ಹಳ್ಳಿಗಳಲ್ಲಿ ಗಂಡಸರು ಸರದಿಯ ಮೇಲೆ ಕಾವಲು ನಿಂತರು. ಇಂಥ ಹೊತ್ತಿನಲ್ಲಿ ಬಂದೂಕಿನಂಥ ನಳಿಗೆ ಹಿಡಿದು, ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತ ಇಬ್ಬರು ಹಿನ್ನೀರಿಗೆ ಇಳಿಯುವುದು ಶಾಣೇತನವೇ? ನಾನು ಆ ಮಾತು ಎತ್ತಿದೆ. ಕಾಕಾ, "ಯುದ್ಧ ಮುಗಿಯೂತನಕ ಕಣ್ಣು ನಿಂತಿರ್ತಾವೇನು?" ಎಂದರು. ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದೆ.

ಬೆಳಗ್ಗೆ ಎಂಟರ ಸುಮಾರಿಗೆ ನಾನು ಡಬ್ಬಿಯ ಮೇಲೆ ಕೂತೆ. ಕಾಕಾ ಕೈ ಬೀಸುತ್ತ ವಾಪಸು ಹೋಗಿ ದಂಡೆಯ ಕರಿಜಾಲಿ ಗಿಡದ ಕೆಳಗೆ ಕುಳಿತರು. ಮೊದಲು ಮೆಟ್ಟುಗಾಲು ಹಕ್ಕಿಗಳು ಬಂದವು. ತಡೆಯಲಾರದೆ ನಾಲ್ಕು ಚಿತ್ರ ಹಾಳು ಮಾಡಿದೆ. ಆಮೇಲೆ ಬಾಯ್ಕಳಕ ಬಂತು. ಎಡಗಡೆ ದೂರದಿಂದ, ಕೊಕ್ಕನ್ನು ನೀರಿಗೆ ಅದ್ದಿ ಅದ್ದಿ ತಡಕುತ್ತ, ಕತ್ತಲೆಯಲ್ಲಿ ಕೀಲಿಕೈ ಹುಡುಕುವವರ ಹಾಗೆ. ಇನ್ನೂ ನಾಲ್ಕು ಚಿತ್ರ ಹೋದವು. ಎಂಟು ಮುಗಿದಾಗ ಅದು ನನ್ನಿಂದ ಹದಿನೈದು ಅಡಿಯಲ್ಲಿತ್ತು. ಅದರ ಕಣ್ಣಿನ ಸುತ್ತಲಿನ ಬೋಳು ಚರ್ಮದ ಸುಕ್ಕು ಕೂಡ ಕಾಣುತ್ತಿತ್ತು. ಕೊಕ್ಕು ಮೇಲೆತ್ತಿತು. ತುದಿಯಲ್ಲಿ ಲಿಂಬೆಹಣ್ಣಿನಷ್ಟು ದಪ್ಪದ ಶಂಖ.

ಆಗಲೇ ದಂಡೆಯ ಕಡೆಯಿಂದ ಕೂಗು ಕೇಳಿಸಿತು.

"ದೋಘಂ ಗೇಲೆ, ಏಕಚ್ ಆಲಾ! ದುಸರಾ ಕುಠಾಯ್?"

ಇಬ್ಬರು ಹೋದರು, ಒಬ್ಬನೇ ಬಂದ, ಇನ್ನೊಬ್ಬ ಎಲ್ಲಿ? ನಮ್ಮ ಉಪಾಯವೆಲ್ಲ ಹಕ್ಕಿಗಳಿಗೆ. ಹಳ್ಳಿಯವರಿಗೆ ಎಣಿಸಲು ಬರುತ್ತದೆ ಎಂಬುದು ಇಬ್ಬರು ತಂತ್ರಜ್ಞರ ತಲೆಗೂ ಹೊಳೆದಿರಲಿಲ್ಲ.

ನನಗೆ ಕಾಣುತ್ತಿದ್ದದ್ದು ಎದುರಿನ ಸೀಳಿನಲ್ಲಿ ಹಕ್ಕಿ ಮಾತ್ರ. ದಂಡೆ ಬೆನ್ನ ಹಿಂದೆ, ಬಲಕ್ಕೆ. ಆದರೆ ಗಾಳಿ ಅಲ್ಲಿಂದಲೇ ಬೀಸುತ್ತಿತ್ತು, ಒಂದೊಂದು ಮಾತೂ ಕಿವಿಯ ಹತ್ತಿರ ಆಡಿದಂತೆ. ಆರೇಳು ಜನ ಇದ್ದಿರಬೇಕು. ಕಾಕಾರ ಮರಾಠಿ ನಿಮಗೆ ಗೊತ್ತಿಲ್ಲ. ಕಾರ್ಖಾನೆಯ ಕ್ಯಾಂಟೀನು ದಾಟಿ ಅದು ಹೊರಗೆ ಬಂದದ್ದೇ ಇಲ್ಲ. ಅವರು ಶಾಂತವಾಗಿ ಹೇಳಿದರು: "ದಹಾ ಮಿನಿಟ್ ಥಾಂಬಾ. ಮಗ್ ಸಗಳಂ ದಿಸೇಲ್."

ಹತ್ತು ನಿಮಿಷ ತಡೆಯಿರಿ, ಆಮೇಲೆ ಎಲ್ಲ ಕಾಣಿಸುತ್ತದೆ. ಯುದ್ಧ ನಡೆದಾಗ, ಕಪ್ಪು ನಳಿಗೆ ತಂದ ಅಪರಿಚಿತ ಹೀಗೆಂದರೆ ಏನು ಅರ್ಥವಾಗಬೇಕು? "ಬಾಂಬ್!" ಎಂದು ಒಬ್ಬ ಚೀರಿದ. ಕಾಲುಗಳು ದಡದಡ ಹಿಂದಕ್ಕೆ ಓಡಿದ ಸದ್ದು. ಸ್ವಲ್ಪ ಹೊತ್ತಿಗೆ ಧೈರ್ಯ ತಂದುಕೊಂಡು, ಈಗ ಭಯದ ಜೊತೆ ಸಿಟ್ಟೂ ಸೇರಿ, ವಾಪಸು ಬಂದ ಸದ್ದು.

ಹಕ್ಕಿ ಕತ್ತೆತ್ತಿತು. ದಂಡೆಯ ಕಡೆ ನೋಡಿತು. ಹಾರಿಹೋಗುತ್ತದೆ ಎನ್ನಿಸಿ, ಇದ್ದದ್ದಾದರೂ ಇರಲಿ ಎಂದು ಗುಂಡಿ ಒತ್ತಿದೆ. ಒಂಬತ್ತನೆಯ ಚಿತ್ರ.

"ಬೋಲ್! ಕುಠಾಯ್ ತೋ?"

"ಥಾಂಬಾ ಹೋ... ಥೋಡಂ ಥಾಂಬಾ..." ಎಲ್ಲಿ ಅವನು ಎಂದು ಅವರು, ಸ್ವಲ್ಪ ತಡೆಯಿರಿ ಎಂದು ಕಾಕಾ.

ಆಮೇಲೆ ಹೊಡೆತದ ಸದ್ದು. ಹೊಡೆತದ ಸದ್ದಿಗೆ ಭಾಷೆ ಬೇಕಾಗುವುದಿಲ್ಲ. ಅದರ ಹಿಂದೆಯೇ ಕನ್ನಡದಲ್ಲಿ ಒಂದೇ ಮಾತು: "ಯವ್ವಾ."

ನಾನು ಡಬ್ಬಿಯಿಂದ ಅರ್ಧ ಎದ್ದದ್ದು ನೆನಪಿದೆ. ಅಲ್ಲಿಯವರೆಗೆ ನಾನು ಒಳ್ಳೆಯವನೇ. ಆದರೆ ಅದೇ ಹೊತ್ತಿಗೆ ಹಕ್ಕಿ ಮತ್ತೆ ಬಗ್ಗಿತು. ಶಂಖವನ್ನು ಕೆಸರಿಗೆ ಒತ್ತಿ ಹಿಡಿದು, ತಲೆ ಓರೆ ಮಾಡಿ, ಕೆಳಗಿನ ಕೊಕ್ಕಿನ ತುದಿಯನ್ನು ಅದರ ಬಾಯೊಳಗೆ ತೂರಿಸಿತು. ಕೊಕ್ಕು ಸಣ್ಣಗೆ ನಡುಗುತ್ತಿತ್ತು. ಮೊಣಕಾಲು ತಾನಾಗಿ ಮಡಚಿತು. ಹಿಂದೆ ನೂಕಾಟ, ಯಾರೋ ಕೆಸರಿಗೆ ಬಿದ್ದದ್ದು, ಇನ್ನೊಂದು ಏಟು. ಕಾಕಾ ನನ್ನ ಹೆಸರು ಕರೆಯಲಿಲ್ಲ. ಕರೆಯಲಿಲ್ಲವಲ್ಲ, ಹಾಗಾದರೆ ಅಂಥದ್ದೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಉಸಿರು ಹಿಡಿದೆ. ಎಷ್ಟು ಹೊತ್ತು? ಒಂದು ಬಾಯ್ಕಳಕ ಒಂದು ಹುಳು ತೆಗೆಯುವಷ್ಟು ಹೊತ್ತು. ಮುದುಕನೊಬ್ಬನನ್ನು ಹೊಡೆಯಲು ಅದು ಬಹಳ ಹೊತ್ತು.

ಹುಳು ಹೊರಗೆ ಬಂತು, ಒದ್ದೆ, ಬೂದುಬಣ್ಣದ್ದು, ಕೊಕ್ಕಿನ ತುದಿಯಲ್ಲಿ ಜೋತಾಡುತ್ತ. ಕೆಳಗೆ ಕೆಸರಿನ ಮೇಲೆ ಶಂಖ ಇಡಿಯಾಗಿ, ಬಿರುಕಿಲ್ಲದೆ ಬಿದ್ದಿತ್ತು. ಹತ್ತು. ಹನ್ನೊಂದು. ಹಕ್ಕಿ ನುಂಗಿತು. ಹನ್ನೆರಡು.

ಆಮೇಲೆ "ಕಾಕಾ!" ಎಂದು ಕೂಗಿ ಎದ್ದೆ. ಎದ್ದ ರಭಸಕ್ಕೆ ಬಿದಿರು, ಗೋಣಿ ಎಲ್ಲ ನನ್ನ ಮೈಮೇಲೆಯೇ ಬಂದವು. ನೀರಿನ ನಡುವೆ ಗೋಣಿಯ ಗುಡ್ಡ ಎದ್ದು ಕೂಗುತ್ತ ಬರುವುದನ್ನು ಕಂಡು ಹಳ್ಳಿಯವರಲ್ಲಿ ಅರ್ಧ ಜನ ಓಡಿದರು. ಉಳಿದವರು ಓಡಲೂ ಆಗದೆ ನಿಂತರು. ಈ ಭಾಗವನ್ನು ನಾನು ಮದುವೆ ಮನೆಗಳಲ್ಲಿ, ರೈಲುಗಳಲ್ಲಿ ನೂರಾರು ಸಲ ಹೇಳಿ ಜನರನ್ನು ನಗಿಸಿದ್ದೇನೆ. ಕಥೆ ಅಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತಿತ್ತು.

ಕಾಕಾ ಕೆಸರಲ್ಲಿ ಕೂತಿದ್ದರು. ಕೆನ್ನೆ ಊದಿತ್ತು, ಕನ್ನಡಕದ ಒಂದು ಗಾಜು ಒಡೆದಿತ್ತು. ನಾನು ಕಾರ್ಖಾನೆಯ ಗೇಟ್ ಪಾಸು ತೋರಿಸಿದೆ, ಗೂಡು ತೋರಿಸಿದೆ, ಕೊಕ್ಕರೆಯ ಅಭಿನಯವನ್ನೂ ಮಾಡಿ ತೋರಿಸಿದೆ. ಊರ ಪಾಟೀಲ ಬಂದು ಎಲ್ಲ ಕೇಳಿ ಹಣೆ ಚಚ್ಚಿಕೊಂಡ. ಹೊಡೆದವನನ್ನು ಕರೆದು ಕಾಕಾರ ಕಾಲು ಮುಟ್ಟಿಸಿದ, ಚಹಾ ತರಿಸಿದ. ಆಮೇಲೆ, "ಸಾಹೇಬ, ಅದೊಂದು ಹಕ್ಕಿ ನಮಗೂ ತೋರಿಸಿ" ಎಂದು ನಾನು ಗೂಡಿನಿಂದ ಎತ್ತಿ ತಂದಿದ್ದ ಕ್ಯಾಮರಾದ ಹಿಂಬದಿಯ ಮುಚ್ಚಳಕ್ಕೆ ಕೈ ಹಾಕಿದ. ಅಷ್ಟು ಹೊತ್ತು ಕಲ್ಲಿನಂತೆ ಕೂತು ಏಟು ತಿಂದ ಮನುಷ್ಯ ಆಗ ಚಂಗನೆ ಜಿಗಿದು ಅದನ್ನು ಎದೆಗೆ ಅವಚಿಕೊಂಡರು. "ಬೆಳಕ ಬೀಳ್ತೈತಿ, ಬೆಳಕ!" ಎಂದು ಅಚ್ಚ ಮುಧೋಳದ ಕನ್ನಡದಲ್ಲಿ ಪಾಟೀಲನಿಗೆ ಗದರಿದರು. ಅವನಿಗೆ ಏನು ತಿಳಿಯಿತೋ, ಕೈ ಮುಗಿದ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಕಿವಿಯಲ್ಲಿ ಕೇಳಿದರು: "ಸಿಕ್ತೇನೋ?"

"ಸಿಕ್ಕೇತ್ರಿ."

"ಶಂಖ?"

"ಇಡೀದs ಐತ್ರಿ. ಬಿರಕs ಇಲ್ಲ."

ನನ್ನ ಬೆನ್ನಿಗೆ ಎರಡು ಗುದ್ದು ಬಿದ್ದವು, ಸಂತೋಷದ್ದು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಒಳಗ ನಿನಗ ಗದ್ದಲ ಕೇಳಿಸಿತೇನು?"

"ಇಲ್ರಿ ಕಾಕಾ. ಗಾಳಿ ಆ ಕಡೀಕಿತ್ತು."

"ಹೌದು ಹೌದು. ಗಾಳಿ ಆ ಕಡೀಕs ಇತ್ತು" ಎಂದರು.

ಯುದ್ಧದ ಕಪ್ಪು ಕಾಗದದಿಂದ ಆದ ಒಂದೇ ಉಪಕಾರವೆಂದರೆ ಕಾಕಾರ ಬಚ್ಚಲುಮನೆ ಪುಗಸಟ್ಟೆ ಡಾರ್ಕ್ ರೂಮಾದದ್ದು. ಆವತ್ತು ಸಂಜೆಯೇ ರೋಲು ತೊಳೆದೆವು. ಒಣಗಿದ ಮೇಲೆ ಕಾಕಾ ಅದನ್ನು ದೀಪದ ಮುಂದೆ ಹಿಡಿದು, ಕನ್ನಡಕದಲ್ಲಿ ಗಾಜು ಉಳಿದಿದ್ದ ಕಣ್ಣಿಗೆ ಭೂತಗನ್ನಡಿ ಹಚ್ಚಿ, ಕಾರ್ಖಾನೆಯಲ್ಲಿ ಸಾಮಾನು ಪರೀಕ್ಷಿಸುವ ಹಾಗೆ ಮೊದಲಿನಿಂದ ಒಂದೊಂದೇ ನೋಡುತ್ತ ಬಂದರು. ನಾನು ಹನ್ನೊಂದಕ್ಕಾಗಿ ಕಾಯುತ್ತಿದ್ದೆ. ಅವರು ಒಂಬತ್ತರಲ್ಲಿ ನಿಂತರು. ಹಕ್ಕಿ ಕತ್ತೆತ್ತಿ ದಂಡೆಯ ಕಡೆ ನೋಡುತ್ತಿದ್ದ ಚಿತ್ರ. ಹಿಂದಿನ ಜೊಂಡೆಲ್ಲ ಗಾಳಿಗೆ ಬಾಗಿತ್ತು, ದಂಡೆಯಿಂದ ನೀರಿನ ಕಡೆಗೆ. ಕೂದಲೆಳೆಯಷ್ಟು ತಪ್ಪು ಹಿಡಿಯುವ ಕಣ್ಣು ಅದು, ಅರ್ಧ ಹೋಗಿದ್ದರೂ.

"ಹಕ್ಕಿಗಿ ಕೇಳಿಸೇತಲ್ಲೋ, ತಮ್ಮಾ" ಎಂದರು.

ಅಷ್ಟೇ. ಆಮೇಲೆ ಹತ್ತಕ್ಕೆ ಹೋದರು, ಹನ್ನೊಂದಕ್ಕೆ ಬಂದರು, "ಆಹಾ" ಎಂದರು. ಆ "ಆಹಾ" ಸುಳ್ಳಲ್ಲ. ಅದೇ ಚಿತ್ರ ಅವರ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿತು. ಭಟ್ಟರಿಗೂ ಒಂದು ಪ್ರತಿ ಕೊಟ್ಟೆವು. ಅವರು ಬಹಳ ಹೊತ್ತು ನೋಡಿ, "ಇದೊಂದು ಬುದ್ಧಿವಂತ ಹಕ್ಕಿ ಇರಬೇಕು ಮಾರಾಯ್ರೆ, ಉಳಿದವು ಒಡೆಯುವುದೇ" ಎಂದರು.

ನಿವೃತ್ತರಾದ ಮೇಲೆ ಕಾಕಾ ಮಗಳ ಮನೆಗೆ, ಈಗ ಸಂಭಾಜಿನಗರವೆನ್ನುವ ಊರಿಗೆ ಹೋದರು. ನಾನು ನೋಡಲು ಹೋದಾಗ ಪೈಠಣದ ದೊಡ್ಡ ಜಲಾಶಯದಲ್ಲಿ ಆಗಷ್ಟೇ ನೀರು ನಿಂತಿತ್ತು. ಅವರ ಕಣ್ಣು ಪೂರ್ತಿ ಹೋಗಿತ್ತು. ಆದರೂ ನೀರಿನ ದಂಡೆಗೆ ಕರೆದುಕೊಂಡು ಹೋಗು ಎಂದರು. ಕಲ್ಲಿನ ಮೇಲೆ ಕೂಡಿಸಿದೆ. ಎದುರಿಗೆ ಏನೇನಿದೆ ಎಂದು ಒಂದೊಂದಾಗಿ ಹೇಳತೊಡಗಿದೆ: ಬೂದು ಬಕ ಎರಡು, ಬೆಳ್ಳಕ್ಕಿ ಹತ್ತಾರು, ಆಚೆ ಒಂದು ಬಾಯ್ಕಳಕ. ಅದರ ಹೆಸರು ಬಾಯಿಗೆ ಬಂದದ್ದೇ ಎಣಿಕೆ ಬಿಟ್ಟೆ. ನನ್ನನ್ನು ಕಾಣಲಾರದ ಮುಖದೆದುರು ಆವತ್ತಿನ ಮಾತು ಹೇಳುವುದು ಸುಲಭವೆಂದುಕೊಂಡಿದ್ದೆ. ಸುಲಭವಾಗಿರಲಿಲ್ಲ.

"ಕಾಕಾ, ಆವತ್ತು ನನಗೂ ಕೇಳಿಸಿತ್ತು. ಎಲ್ಲಾ ಕೇಳಿಸಿತ್ತು."

"ಗೊತ್ತೈತಿ" ಎಂದರು. ನೀರಿನ ಕಡೆ ಮುಖ ಮಾಡಿಯೇ ಇದ್ದರು. "ಕೇಳಸ್ತೈತಿ ಅಂತ ನನಗ ಅಲ್ಲೇ ಗೊತ್ತಿತ್ತು. ಅದಕs ನಿನ್ನ ಹೆಸರ ಹಿಡದು ಕರೀಲಿಲ್ಲ. ಕರದಿದ್ರ ನೀ ಎದ್ದು ಬರ್ತಿದ್ದಿ, ಫೋಟೋ ಹೋಗತಿತ್ತು." ಮತ್ತೆ ಅವರೇ, "ಬರ್ತಿದ್ದಿ, ಹೌದಲ್ಲೋ?"

"ಬರ್ತಿದ್ದೆ ಕಾಕಾ."

ಈ ಸಲ ತಪ್ಪನ್ನು ಗಾಳಿಯ ಮೇಲೆ ಹಾಕುವಂತಿರಲಿಲ್ಲ. ಆ ಉತ್ತರ ನಿಜವೋ ಸುಳ್ಳೋ ನನಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಅವರು ನನ್ನ ಮೊಣಕೈ ತಡಕಿ ಹಿಡಿದುಕೊಂಡು, "ಇರ್ಲಿ. ಈಗ ಏನ್ ಮಾಡಾಕತ್ತೈತಿ ಅದು, ಹೇಳು" ಎಂದರು. ಕತ್ತಲಾಗುವ ತನಕ ಹೇಳಿದೆ.

ಇಷ್ಟನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಗೊತ್ತಿರುವುದು ಗೋಣಿಯ ಗುಡ್ಡ ಎದ್ದು ಓಡಿದ ಭಾಗವಷ್ಟೇ. ಬರೆಯುತ್ತ ಕೂತು ಎರಡು ದಿನವಾಯಿತು, ಮಳೆ ನಿಂತು ಬಿಸಿಲೂ ಬಂತು. ಹಿತ್ತಲಲ್ಲಿ ಬಟ್ಟೆ ಹರವುತ್ತಿರುವ ಅವಳು ಈಗ ನನ್ನನ್ನು ಕರೆದಂತಾಯಿತು. ಬರೆಯುವಾಗ ಮೂರನೆಯ ಕೂಗಿಗೆ ಏಳುವವನು ನಾನು, ಅವಳಿಗೂ ಅದು ರೂಢಿ. ಮೊದಲೆರಡನ್ನು ಲೆಕ್ಕಕ್ಕೇ ಹಿಡಿಯದೆ ಕರೆಯುತ್ತಾಳೆ. ಇದು ಮೊದಲನೆಯದು. ಇನ್ನೂ ನಾಲ್ಕು ಮಾತು ಬರೆಯುವುದಿತ್ತು, ಇರಲಿ, ಏಳುತ್ತೇನೆ.